ಮನೆ ಯಾರದು? : ಆರಂಭಕಾಲದ ಗಾಥಿಕ್ ಕಾದಂಬರಿಯಲ್ಲಿ ಭಯ ಮತ್ತು ಒಡೆತನ

18ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡ ಗಾಥಿಕ್ ಕಾದಂಬರಿಯನ್ನು ಕನ್ನಡದಲ್ಲಿ ವಿವರಿಸಹೊರಟಾಗ ಭಯಾನಕ ರಸದ ಪರಿಭಾಷೆ ತಾನಾಗಿಯೇ ನೆರವಿಗೆ ಬರುತ್ತದೆ. ಭರತನ ನಾಟ್ಯಶಾಸ್ತ್ರವು ಭಯಾನಕದ ವಿಭಾವಗಳನ್ನು ಎಣಿಸುವಾಗ ವಿಕಾರವಾದ ದನಿ, ಭೂತದರ್ಶನ, ಕಾಡು, ಪಾಳುಮನೆ ಇವುಗಳ ಜೊತೆಗೆ ಗುರುವಿಗೂ ಅರಸನಿಗೂ ಎಸಗಿದ ಅಪರಾಧವನ್ನು ಸೇರಿಸುತ್ತದೆ. ಈ ಪಟ್ಟಿಯನ್ನು ಇಟ್ಟುಕೊಂಡು ಹೊರೇಸ್ ವಾಲ್‌ಪೋಲ್, ಆ್ಯನ್ ರ‍್ಯಾಡ್‌ಕ್ಲಿಫ್ ಮೊದಲಾದವರ ಕೃತಿಗಳನ್ನು ಓದಿದರೆ ಅದರಲ್ಲಿನ ಒಂದು ಅಂಶವೂ ಬಿಟ್ಟುಹೋಗುವುದಿಲ್ಲ. ಈ ಅನುಕೂಲವೇ ಒಂದು ತೊಡಕನ್ನೂ ತಂದೊಡ್ಡುತ್ತದೆ. ರಸದ ಪರಿಭಾಷೆ ಪಾಳುಮನೆಯಲ್ಲಿ ಭಯ ಹೇಗೆ ಹುಟ್ಟುತ್ತದೆ ಎಂಬುದನ್ನು ಹೇಳುತ್ತದೆ. ಆ ಮನೆ ಯಾರದು ಎಂದು ಕೇಳುವ ಅಗತ್ಯ ಅದಕ್ಕಿಲ್ಲ. ಆರಂಭದ ಗಾಥಿಕ್ ಕಾದಂಬರಿಗಳಾದರೋ ಮತ್ತೆ ಮತ್ತೆ ಕೇಳುವುದು ಈ ಪ್ರಶ್ನೆಯನ್ನೇ. ಅಲ್ಲಿನ ಕೋಟೆ, ನೆಲಮಾಳಿಗೆ, ಪಟ, ಹಸ್ತಪ್ರತಿ, ಪ್ರೇತ ಇವೆಲ್ಲ ಆಸ್ತಿಯ ಹಕ್ಕಿನ ವ್ಯಾಜ್ಯವೊಂದರಲ್ಲಿ ಸಾಕ್ಷಿಗಳಾಗಿ ನಿಲ್ಲುತ್ತವೆ. ಈ ಸಾಹಿತ್ಯಪ್ರಕಾರವನ್ನು ಕೇವಲ ಭಯದ ತಂತ್ರಗಳ ಮೂಲಕ ಓದುವುದರಿಂದ ಅದು ತನ್ನ ಕಾಲದ ಓದುಗರಿಗೆ, ವಿಶೇಷವಾಗಿ ಓದುವ ಹೆಂಗಸರಿಗೆ, ಏಕೆ ಅಷ್ಟೊಂದು ಹತ್ತಿರವಾಯಿತು ಎಂಬುದು ತಿಳಿಯದೆ ಉಳಿಯುತ್ತದೆ.

‘ಗಾಥಿಕ್’ ಎಂಬ ಪದದ ಚರಿತ್ರೆಯೂ ಈ ಚರ್ಚೆಯಿಂದ ದೂರವಿಲ್ಲ. ರೋಮ್ ಸಾಮ್ರಾಜ್ಯದ ಮೇಲೆ ದಾಳಿಯಿಟ್ಟ ಗಾಥ್ ಬುಡಕಟ್ಟುಗಳ ಹೆಸರನ್ನು ಇಟಲಿಯ ಪುನರುಜ್ಜೀವನ ಕಾಲದ ವಿದ್ವಾಂಸರು ಮಧ್ಯಯುಗದ ವಾಸ್ತುಶೈಲಿಗೆ ಬೈಗುಳವಾಗಿ ಅಂಟಿಸಿದರು. ಇಂಗ್ಲೆಂಡಿನಲ್ಲಿ ಅದೇ ಪದಕ್ಕೆ ಹೆಮ್ಮೆಯ ಅರ್ಥವೂ ಇತ್ತು; ನಾಡಿನ ಪ್ರಾಚೀನ ಸ್ವಾತಂತ್ರ್ಯಗಳು ಗಾಥಿಕ್ ಪೂರ್ವಜರಿಂದ ಬಂದ ಬಳುವಳಿ ಎಂಬ ನಂಬಿಕೆ ಅಲ್ಲಿ ಬೇರೂರಿತ್ತು. ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲ್ಯಾಕ್‌ಸ್ಟೋನ್ 1768ರಲ್ಲಿ ಪ್ರಕಟವಾದ ತನ್ನ ಗ್ರಂಥದ ಮೂರನೆಯ ಸಂಪುಟದಲ್ಲಿ ಇಂಗ್ಲೆಂಡಿನ ಕಾನೂನನ್ನೇ ಒಂದು ಹಳೆಯ ಗಾಥಿಕ್ ಕೋಟೆಗೆ ಹೋಲಿಸಿದ್ದಾನೆ. ವೀರಯುಗದಲ್ಲಿ ಕಟ್ಟಿದ ಆ ಕೋಟೆ ಈಗಿನ ನಿವಾಸಿಯ ಅನುಕೂಲಕ್ಕೆ ತಕ್ಕಂತೆ ದುರಸ್ತಿಯಾಗಿದೆ, ಆದರೆ ಒಳಕೋಣೆಗಳಿಗೆ ಹೋಗುವ ದಾರಿಗಳು ಮಾತ್ರ ಸುತ್ತುಬಳಸಾಗಿಯೇ ಉಳಿದಿವೆ ಎಂಬುದು ಅವನ ಮಾತಿನ ತಾತ್ಪರ್ಯ. ಕಾದಂಬರಿಕಾರರು ಕೋಟೆಯನ್ನು ಕಥೆಯ ಕೇಂದ್ರಕ್ಕೆ ತಂದ ಹೊತ್ತಿನಲ್ಲಿಯೇ ಕಾನೂನುಪಂಡಿತನೂ ಅದೇ ಕೋಟೆಯನ್ನು ಕಾಣುತ್ತಿದ್ದ ಎಂಬುದು ಗಮನಾರ್ಹ.

ಒಟ್ರಾಂಟೊ: ಸಾವಿರ ದಾಖಲೆಗಳ ಬದಲಿಗೆ ಒಂದು ಪ್ರೇತ

ವಾಲ್‌ಪೋಲನ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ 1764ರ ಡಿಸೆಂಬರಿನಲ್ಲಿ ಹೊರಬಂದಿತು. ಪ್ರಧಾನಿಯಾಗಿದ್ದ ರಾಬರ್ಟ್ ವಾಲ್‌ಪೋಲನ ಮಗನಾದ ಈತ ತನ್ನ ಹೆಸರನ್ನು ಅದರಲ್ಲಿ ಮರೆಮಾಡಿದ್ದ. ಒಟ್ರಾಂಟೊ ನಗರದ ಇಗರ್ಜಿಯ ಪಾದ್ರಿಯೊಬ್ಬ ಇಟಾಲಿಯನ್ನಿನಲ್ಲಿ ಬರೆದದ್ದನ್ನು ವಿಲಿಯಂ ಮಾರ್ಷಲ್ ಎಂಬಾತ ಅನುವಾದಿಸಿದ್ದಾನೆ, ಮೂಲಪ್ರತಿಯು 1529ರಲ್ಲಿ ನೇಪಲ್ಸ್‌ನಲ್ಲಿ ಅಚ್ಚಾದುದು, ಇಂಗ್ಲೆಂಡಿನ ಉತ್ತರದ ಹಳೆಯ ಕ್ಯಾಥೊಲಿಕ್ ಮನೆತನವೊಂದರ ಪುಸ್ತಕಭಂಡಾರದಲ್ಲಿ ದೊರಕಿತು ಎಂದು ಮುನ್ನುಡಿ ಹೇಳಿತು. ಎಲ್ಲವೂ ಕಲ್ಪಿತ. 1765ರ ಎರಡನೆಯ ಮುದ್ರಣದಲ್ಲಿ ಲೇಖಕ ತನ್ನ ಹೆಸರಿನ ಮೊದಲಕ್ಷರಗಳೊಂದಿಗೆ ಪ್ರಕಟಗೊಂಡ. ‘ಗಾಥಿಕ್ ಕಥೆ’ ಎಂಬ ಉಪಶೀರ್ಷಿಕೆ ಸೇರಿದ್ದೂ ಆಗಲೇ. ಹೀಗೆ ಈ ಪ್ರಕಾರದ ಮೊದಲ ಕೃತಿಯೇ ಒಂದು ಖೋಟಾ ದಾಖಲೆಯಾಗಿ ಹುಟ್ಟಿತು. ದೊರೆತ ಹಸ್ತಪ್ರತಿ ಎಂಬ ರೂಢಿ ಮುಂದೆ ಸವಕಲಾದರೂ ಇಲ್ಲಿ ಅದಕ್ಕೆ ಒಂದು ತೀಕ್ಷ್ಣತೆ ಇದೆ, ಏಕೆಂದರೆ ಕಥೆಯೊಳಗಿನ ಮೂಲಪಾಪವೂ ಖೋಟಾ ದಾಖಲೆಯೇ.

ಕಥಾಸಾರ ಹೀಗಿದೆ. ಒಟ್ರಾಂಟೊದ ಅರಸ ಮ್ಯಾನ್‌ಫ್ರೆಡ್ ತನ್ನ ರೋಗಿಷ್ಠ ಮಗ ಕಾನ್ರಾಡನಿಗೆ ಇಸಬೆಲ್ಲಳನ್ನು ಮದುವೆ ಮಾಡಿಸಲು ಅವಸರಪಡುತ್ತಿರುವಾಗ, ಮದುವೆಯ ದಿನವೇ ಆಕಾಶದಿಂದ ಬಿದ್ದಂತೆ ಬೃಹದಾಕಾರದ ಶಿರಸ್ತ್ರಾಣವೊಂದು ಬಿದ್ದು ಹುಡುಗ ಜಜ್ಜಿಹೋಗುತ್ತಾನೆ. ಕೋಟೆಯ ನಿಜವಾದ ಒಡೆಯ ಅದರೊಳಗೆ ಹಿಡಿಸಲಾಗದಷ್ಟು ಬೆಳೆದಾಗ ಈಗಿನ ವಂಶದ ಕೈಯಿಂದ ಕೋಟೆ ಜಾರುತ್ತದೆ ಎಂಬ ಭವಿಷ್ಯವಾಣಿಯೊಂದು ಮೊದಲೇ ಇದೆ. ಗಂಡುಸಂತಾನ ನಿಂತುಹೋದ ಮ್ಯಾನ್‌ಫ್ರೆಡ್ ಹೆಂಡತಿ ಹಿಪ್ಪಾಲಿಟಾಳನ್ನು ತೊರೆದು, ಸೊಸೆಯಾಗಬೇಕಿದ್ದ ಇಸಬೆಲ್ಲಳನ್ನೇ ವರಿಸಲು ಮುಂದಾಗುತ್ತಾನೆ. ಅವಳು ನೆಲಮಾಳಿಗೆಯ ಸುರಂಗದ ಮೂಲಕ ಇಗರ್ಜಿಗೆ ಓಡುತ್ತಾಳೆ. ಕಾಮವೇ ಮ್ಯಾನ್‌ಫ್ರೆಡನ ಪ್ರೇರಣೆ ಎಂದು ತೋರಬಹುದಾದರೂ ಲೆಕ್ಕಾಚಾರ ಬೇರೆಯೇ ಆಗಿದೆ. ಇಸಬೆಲ್ಲಳ ತಂದೆಯೂ ಆ ಸಂಸ್ಥಾನಕ್ಕೆ ಹಕ್ಕುದಾರ. ಅವಳನ್ನು ಮದುವೆಯಾದರೆ ಪ್ರತಿಪಕ್ಷದ ಹಕ್ಕು ಮನೆಯೊಳಗೇ ಸೇರಿಕೊಳ್ಳುತ್ತದೆ. ಹೆಣ್ಣಿನ ದೇಹ ಎರಡು ಹಕ್ಕುಪತ್ರಗಳನ್ನು ಒಂದಾಗಿ ಹೊಲಿಯುವ ದಾರವಾಗುತ್ತದೆ.

ಕೊನೆಗೆ ತಿಳಿದುಬರುವುದೇನೆಂದರೆ, ಮ್ಯಾನ್‌ಫ್ರೆಡನ ಅಜ್ಜ ರಿಕಾರ್ಡೊ ತನ್ನ ಒಡೆಯ ಅಲ್ಫಾನ್ಸೊನಿಗೆ ವಿಷವಿಕ್ಕಿ, ಸುಳ್ಳು ಮರಣಶಾಸನವನ್ನು ಸೃಷ್ಟಿಸಿ ಸಂಸ್ಥಾನವನ್ನು ಕಬಳಿಸಿದ್ದ. ರೈತಯುವಕನೆಂದು ತೋರಿದ ಥಿಯೊಡೋರ್ ಅಲ್ಫಾನ್ಸೊನ ಮಗಳ ಮಗ. ಇಲ್ಲಿ ವಾಲ್‌ಪೋಲ್ ಮಾಡಿರುವ ಒಂದು ಏರ್ಪಾಡು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಥಿಯೊಡೋರನ ಹಕ್ಕನ್ನು ಸಾಬೀತುಪಡಿಸುವ ಅಧಿಕೃತ ಬರೆಹವೊಂದು ಅವನ ತಂದೆಯ ಬಳಿ ಇದ್ದೇ ಇದೆ. ಅದನ್ನು ಅವನು ಉಲ್ಲೇಖಿಸುತ್ತಿದ್ದಂತೆಯೇ ಮ್ಯಾನ್‌ಫ್ರೆಡ್ ತಡೆದು, ಕಣ್ಣಾರೆ ಕಂಡ ಘೋರಗಳ ಮುಂದೆ ಕಾಗದಪತ್ರಗಳ ಅವಶ್ಯಕತೆಯಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಅಂದರೆ ದಾಖಲೆ ಇದೆ, ಯಾರೂ ಅದನ್ನು ಓದುವುದಿಲ್ಲ. ದಾಖಲೆಯಿಂದಲೇ ಅನ್ಯಾಯ ನಡೆದ ಮನೆಯಲ್ಲಿ ಇನ್ನೊಂದು ದಾಖಲೆಗೆ ಬೆಲೆಯಿರುವುದಿಲ್ಲ. ಕೋಟೆಯ ಗೋಡೆಗಳನ್ನು ಒಡೆದು ಮೇಲೇಳುವ ಅಲ್ಫಾನ್ಸೊನ ದೈತ್ಯಾಕೃತಿಯೇ ಅಂತಿಮ ಸಾಕ್ಷ್ಯ. ಮೂಗಿನಿಂದ ರಕ್ತ ತೊಟ್ಟಿಕ್ಕುವ ವಿಗ್ರಹ, ಚೌಕಟ್ಟಿನಿಂದ ಇಳಿದು ನಡೆಯುವ ಪೂರ್ವಜನ ಪಟ ಇವು ಇಂದಿನ ಓದುಗನಿಗೆ ನಗೆ ತರಿಸಬಹುದು. ಕಥೆಯ ತರ್ಕದಲ್ಲಿ ಅವು ನ್ಯಾಯಾಲಯಕ್ಕೆ ಬಂದು ಹೇಳಿಕೆ ಕೊಡುವ ಮೃತರು.

ಕಳೆದುಹೋದ ವಾರಸುದಾರನ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನ ಉಪಾಖ್ಯಾನದಲ್ಲಿ ರಾಜ್ಯ ಕಳೆದುಕೊಂಡ ಶಿಶು, ದುಷ್ಟಬುದ್ಧಿಯಾದ ಮಂತ್ರಿ, ಬದಲಾದ ಪತ್ರ, ಗುರುತಿನ ಆರನೆಯ ಬೆರಳು ಎಲ್ಲವೂ ಇವೆ. ಥಿಯೊಡೋರನ ಭುಜದ ಮೇಲೂ ಬಾಣದ ಗುರುತೊಂದಿದೆ. ಆದರೆ ಚಂದ್ರಹಾಸನನ್ನು ಕಾಯುವುದು ಹರಿಭಕ್ತಿ; ಥಿಯೊಡೋರನ ಪರವಾಗಿ ಎದ್ದುನಿಲ್ಲುವುದು ಸ್ವತಃ ಮನೆ. ಈ ವ್ಯತ್ಯಾಸಕ್ಕೆ ದಾಯಭಾಗದ ಪದ್ಧತಿಗಳಲ್ಲಿಯೂ ಒಂದು ಕಾರಣವನ್ನು ಹುಡುಕಬಹುದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು. ಹಕ್ಕುದಾರರು ಹಲವರು, ಎಲ್ಲರೂ ಕಣ್ಣೆದುರಿಗೇ ಇರುವವರು. ಆದುದರಿಂದ ನಮ್ಮ ಆಸ್ತಿಕಥೆಗಳ ಸಹಜ ರೂಪ ದಾಯಾದಿ ಕಲಹ. ಇಂಗ್ಲೆಂಡಿನ ಭೂಮಿ ಜ್ಯೇಷ್ಠಾಧಿಕಾರದ ನಿಯಮದಂತೆ ಒಬ್ಬನಿಗೇ ಇಳಿಯುತ್ತಿತ್ತು, ಮರಣಶಾಸನ ಅದನ್ನು ಬೇರೆಡೆಗೆ ತಿರುಗಿಸಬಲ್ಲುದಾಗಿತ್ತು. ಹಕ್ಕುದಾರ ಒಬ್ಬನೇ ಆದಾಗ ಅವನನ್ನು ಬಚ್ಚಿಡಬಹುದು, ಕೊಲ್ಲಬಹುದು, ರೈತನ ಗುಡಿಸಲಿಗೆ ಸಾಗಿಸಬಹುದು. ಗಾಥಿಕ್ ಕಥಾವಸ್ತುವಿನ ರಹಸ್ಯಪ್ರಿಯತೆಗೆ ಈ ಏಕೈಕತೆ ಒಳ್ಳೆಯ ನೆಲವಾಗಿತ್ತು.

ಕ್ಲಾರಾ ರೀವ್ 1777ರಲ್ಲಿ ಪ್ರಕಟಿಸಿ, 1778ರಲ್ಲಿ ‘ದ ಓಲ್ಡ್ ಇಂಗ್ಲಿಷ್ ಬ್ಯಾರನ್’ ಎಂದು ಮರುನಾಮಕರಣ ಮಾಡಿದ ಕಾದಂಬರಿಯಲ್ಲಿ ಈ ಒಳತಿರುಳು ಮುಚ್ಚುಮರೆಯಿಲ್ಲದೆ ಹೊರಬೀಳುತ್ತದೆ. ವಾಲ್‌ಪೋಲನ ಅದ್ಭುತಗಳು ಅತಿಯಾಗಿ ನಗೆಗೀಡಾಗುತ್ತವೆ ಎಂಬುದು ಆಕೆಯ ಆಕ್ಷೇಪ. ಆಕೆಯ ಪ್ರೇತ ಮಿತಭಾಷಿ. ಬೀಗಹಾಕಿದ ಕೋಣೆಯಲ್ಲಿ ನರಳುತ್ತದೆ, ನಿಜವಾದ ವಾರಸುದಾರ ಎಡ್ಮಂಡ್ ಬಂದಾಗ ಬಾಗಿಲುಗಳನ್ನು ತೆರೆಯುತ್ತದೆ. ದ್ವಂದ್ವಯುದ್ಧ ಮುಗಿದು ಕೊಲೆಗಾರ ತಪ್ಪೊಪ್ಪಿಕೊಂಡ ಮೇಲೆ ಕಥೆ ಮುಗಿಯಬೇಕಿತ್ತು. ಹಾಗಾಗದೆ, ಕೋಟೆಯನ್ನು ಕೊಂಡಿದ್ದ ಸಜ್ಜನ ಬ್ಯಾರನ್ ಎಷ್ಟು ವರ್ಷಗಳ ಹುಟ್ಟುವಳಿಯನ್ನು ಹಿಂದಿರುಗಿಸಬೇಕು, ಪೀಠೋಪಕರಣಗಳು ಯಾರಿಗೆ, ಎಡ್ಮಂಡನನ್ನು ಸಾಕಿ ಓದಿಸಿದ ವೆಚ್ಚವನ್ನು ಹೇಗೆ ಹೊಂದಿಸಬೇಕು ಎಂಬ ವಿವರಗಳು ಪುಟಗಟ್ಟಲೆ ಸಾಗುತ್ತವೆ. ವಿಮರ್ಶಕರು ಈ ಭಾಗವನ್ನು ನೀರಸವೆಂದು ಬದಿಗೆ ಸರಿಸುವುದುಂಟು. ಕಲೆಯ ದೃಷ್ಟಿಯಿಂದ ಅದು ಸರಿಯಿರಬಹುದು. ಪ್ರಕಾರದ ಸ್ವರೂಪವನ್ನು ತಿಳಿಯಬಯಸುವವರಿಗೆ ರೀವಳ ಈ ಲೆಕ್ಕದ ಪುಸ್ತಕ ವಾಲ್‌ಪೋಲನ ಶಿರಸ್ತ್ರಾಣಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ.

ರ‍್ಯಾಡ್‌ಕ್ಲಿಫ್: ಸಹಿಯ ಕಥನ

ವಾಲ್‌ಪೋಲ್ ಮತ್ತು ರೀವ್ ಇಬ್ಬರಲ್ಲೂ ಕೇಂದ್ರಪಾತ್ರ ಹಕ್ಕುವಂಚಿತನಾದ ಗಂಡು. ಆ್ಯನ್ ರ‍್ಯಾಡ್‌ಕ್ಲಿಫ್ (1764–1823) ಆ ಸ್ಥಾನದಲ್ಲಿ ಹೆಣ್ಣನ್ನು ತಂದು ನಿಲ್ಲಿಸಿದಳು. ಇದರಿಂದ ಕಥೆಯ ಪ್ರಶ್ನೆಯೇ ಬದಲಾಯಿತು. ಗಂಡುವಾರಸುದಾರ ಗುರುತು ಸಿಕ್ಕ ಕೂಡಲೇ ಒಡೆಯನಾಗುತ್ತಾನೆ. ಹೆಣ್ಣಿನ ವಿಷಯದಲ್ಲಿ ಹಕ್ಕು ಸಾಬೀತಾಗುವುದು ಸುಲಭ, ಉಳಿಯುವುದು ಕಷ್ಟ. 1765ರಲ್ಲಿ, ಒಟ್ರಾಂಟೊದ ಎರಡನೆಯ ಮುದ್ರಣ ಬಂದ ವರ್ಷವೇ, ಬ್ಲ್ಯಾಕ್‌ಸ್ಟೋನ್ ತನ್ನ ಮೊದಲ ಸಂಪುಟದಲ್ಲಿ ವಿವಾಹಿತೆಯ ಸ್ಥಿತಿಯನ್ನು ನಿರೂಪಿಸಿದ್ದ: ಮದುವೆಯಿಂದ ಗಂಡಹೆಂಡಿರು ಕಾನೂನಿನ ಕಣ್ಣಿಗೆ ಒಬ್ಬರೇ ಆಗುತ್ತಾರೆ, ಹೆಂಡತಿಯ ಪ್ರತ್ಯೇಕ ಅಸ್ತಿತ್ವ ಗಂಡನದರಲ್ಲಿ ಅಡಗಿಹೋಗುತ್ತದೆ. ಅವಳ ಚರಾಸ್ತಿ ಗಂಡನದಾಗುತ್ತಿತ್ತು, ಸ್ಥಿರಾಸ್ತಿಯ ಆದಾಯವೂ ಅವನ ಕೈಸೇರುತ್ತಿತ್ತು. ಇದಕ್ಕೆ ಪರಿಹಾರವಾಗಿ ಸಿರಿವಂತ ಮನೆತನಗಳು ಮದುವೆಗೆ ಮುನ್ನ ಒಪ್ಪಂದ ಬರೆಸಿ, ಹೆಣ್ಣಿನ ಹೆಸರಿನಲ್ಲಿ ಒಂದಿಷ್ಟು ಆಸ್ತಿಯನ್ನು ಬೇರೆಯಾಗಿ ಕಾದಿರಿಸುತ್ತಿದ್ದವು. ನಮ್ಮ ಧರ್ಮಶಾಸ್ತ್ರಗಳ ಸ್ತ್ರೀಧನದ ಕಲ್ಪನೆಗೆ ಇದು ಸಮೀಪವಾದುದು. ವಿಜ್ಞಾನೇಶ್ವರನಂತೂ ವಾರಸಿಕೆಯಿಂದ ಬಂದುದನ್ನೂ ಸ್ತ್ರೀಧನದಲ್ಲಿ ಸೇರಿಸಿ ಅದರ ವ್ಯಾಪ್ತಿಯನ್ನು ಹಿಗ್ಗಿಸಿದ್ದ.

‘ದ ಮಿಸ್ಟರೀಸ್ ಆಫ್ ಉಡಾಲ್ಫೊ’ (1794) ಈ ಕಾದಿರಿಸಿದ ಆಸ್ತಿಯ ಸುತ್ತಲೇ ಹೆಣೆದ ಕಥೆ. ಕಾಲ 1584, ಸ್ಥಳ ಫ್ರಾನ್ಸ್ ಮತ್ತು ಇಟಲಿ. ಅನಾಥೆ ಎಮಿಲಿಯ ಸೋದರತ್ತೆ ಮದಾಂ ಶೆರೋನ್ ಇಟಲಿಯ ಮೊಂಟೋನಿಯನ್ನು ಮದುವೆಯಾಗುತ್ತಾಳೆ. ಅವಳು ಅವನನ್ನು ಶ್ರೀಮಂತನೆಂದು ನಂಬಿದ್ದಾಳೆ, ಅವನೂ ಅವಳನ್ನು ಹಾಗೆಯೇ ನಂಬಿದ್ದಾನೆ. ಅಪೆನೈನ್ ಪರ್ವತಗಳ ನಡುವಣ ಉಡಾಲ್ಫೊ ಕೋಟೆಗೆ ಇಬ್ಬರು ಹೆಂಗಸರನ್ನು ಕರೆದೊಯ್ದ ಮೇಲೆ ಮೊಂಟೋನಿ ಕೇಳುವುದು ಒಂದೇ: ತೂಲೂಸ್ ಬಳಿಯ ಆಸ್ತಿಯನ್ನು ತನಗೆ ಬರೆದುಕೊಡುವ ಪತ್ರಕ್ಕೆ ಸಹಿ. ಹೆಂಡತಿ ಒಪ್ಪುವುದಿಲ್ಲ, ಗೋಪುರದಲ್ಲಿ ಸೆರೆಯಾಗಿ ಜ್ವರದಿಂದ ಸಾಯುತ್ತಾಳೆ. ಆಸ್ತಿಯ ಹಕ್ಕು ಎಮಿಲಿಗೆ ಇಳಿಯುತ್ತದೆ, ಬೇಡಿಕೆಯೂ ಅದರ ಹಿಂದೆಯೇ ಬರುತ್ತದೆ. ಮಾತುಮಾತಿಗೆ ಮೂರ್ಛೆಹೋಗುವ ಈ ಹುಡುಗಿ, ಕಾನೂನು ತನ್ನ ಪರವಾಗಿದೆಯೆಂದೂ ತನ್ನ ಕೈಯಾರೆ ಆ ಹಕ್ಕನ್ನು ಬಿಟ್ಟುಕೊಡಲಾರಳೆಂದೂ ಮೊಂಟೋನಿಯ ಮುಖಕ್ಕೇ ಹೇಳುತ್ತಾಳೆ. ಕಾದಂಬರಿಯ ಎಲ್ಲ ಬಿರುಗಾಳಿ, ಬೆಳದಿಂಗಳು, ದೂರದ ಸಂಗೀತಗಳ ನಡುವೆ ಈ ಮಾತಿಗಿರುವ ಒಣಗಡಸು ಬೆರಗು ಹುಟ್ಟಿಸುತ್ತದೆ. ಕೊನೆಗೆ ಫ್ರಾನ್ಸಿಗೆ ಕಳುಹಿಸಿಕೊಡುವ ಭರವಸೆಯ ಮೇಲೆ ಅವಳು ಸಹಿ ಹಾಕುತ್ತಾಳೆ, ಅವನು ಮಾತಿಗೆ ತಪ್ಪುತ್ತಾನೆ.

ಕಾನೂನು ಕಾಗದದಲ್ಲಿ ಹೆಣ್ಣಿನ ಪರವಾಗಿದ್ದು, ಕೋಟೆಯ ಬೀಗದಕೈ ಗಂಡಸಿನ ಬಳಿ ಇದ್ದರೆ ಏನಾಗುತ್ತದೆ? ರ‍್ಯಾಡ್‌ಕ್ಲಿಫಳ ಭಯದ ನಿಜವಾದ ನೆಲೆ ಇದು. ಎಮಿಲಿಯ ಕೋಣೆಗೆ ಎರಡು ಬಾಗಿಲುಗಳಿವೆ. ಒಂದರ ಅಗುಳಿ ಹೊರಗಡೆಯಿಂದ ಮಾತ್ರ ಹಾಕುವಂಥದು. ಪ್ರೇತಗಳ ಭಯಕ್ಕಿಂತ ಆ ಅಗುಳಿಯ ಭಯ ಅವಳನ್ನು ಹೆಚ್ಚು ರಾತ್ರಿಗಳ ಕಾಲ ಎಚ್ಚರವಾಗಿರಿಸುತ್ತದೆ.

ಈ ದೃಷ್ಟಿಯಿಂದ ನೋಡಿದಾಗ ಉಡಾಲ್ಫೊದ ಪ್ರಸಿದ್ಧವಾದ ಕಪ್ಪು ತೆರೆಯ ಪ್ರಸಂಗ ಬೇರೆಯೇ ಅರ್ಥ ಪಡೆಯುತ್ತದೆ. ಕೋಟೆಯ ಕೋಣೆಯೊಂದರಲ್ಲಿ ತೆರೆ ಮುಚ್ಚಿದ ಚೌಕಟ್ಟೊಂದನ್ನು ಕಂಡ ಎಮಿಲಿ ತೆರೆಯನ್ನೆತ್ತಿ ನೋಡಿ ಪ್ರಜ್ಞೆತಪ್ಪುತ್ತಾಳೆ. ಅವಳು ಕಂಡುದೇನೆಂಬುದನ್ನು ಲೇಖಕಿ ನೂರಾರು ಪುಟಗಳವರೆಗೆ ಹೇಳುವುದಿಲ್ಲ. ಕಾದಂಬರಿ ಮುಗಿಯುವ ಹೊತ್ತಿಗೆ ದೊರೆಯುವ ವಿವರಣೆ ಇಷ್ಟು: ಅದು ಕೊಳೆತು ಹುಳುಬಿದ್ದ ಶವವನ್ನು ಹೋಲುವ ಮೇಣದ ಬೊಂಬೆ; ಆ ವಂಶದ ಹಿಂದಿನವನೊಬ್ಬ ಪ್ರಾಯಶ್ಚಿತ್ತಕ್ಕಾಗಿ ಅದನ್ನು ದಿಟ್ಟಿಸಬೇಕೆಂದು ಧರ್ಮಗುರುಗಳು ವಿಧಿಸಿದ್ದರು. ಓದುಗರೂ ವಿಮರ್ಶಕರೂ ‘ಇಷ್ಟೇ ತಾನೆ’ ಎಂದು ನಿರಾಶರಾದದ್ದು ಇಲ್ಲಿಯೇ. ಅಲೌಕಿಕವನ್ನು ತೋರಿಸಿ ಕೊನೆಗೆ ಲೌಕಿಕ ಕಾರಣ ಕೊಡುವ ಈ ವಿಧಾನ ರ‍್ಯಾಡ್‌ಕ್ಲಿಫಳ ದೌರ್ಬಲ್ಯವೆಂಬ ಮಾತು ಬಹುಕಾಲ ನಡೆದುಬಂದಿದೆ. ಆದರೆ ವಿವರಣೆಯಲ್ಲಿ ಇನ್ನೊಂದು ವಾಕ್ಯವಿದೆ. ಆ ಬೊಂಬೆಯನ್ನು ವಂಶಸ್ಥರು ಕಾಪಾಡಿಕೊಂಡು ಬರಬೇಕು, ತಪ್ಪಿದರೆ ಆಸ್ತಿಯ ಒಂದು ಭಾಗ ಇಗರ್ಜಿಗೆ ಸೇರತಕ್ಕದ್ದು ಎಂದು ಆತ ಮರಣಶಾಸನದಲ್ಲಿ ಷರತ್ತು ಬರೆದಿಟ್ಟಿದ್ದ. ಅಂದರೆ ಇಡೀ ಕಾದಂಬರಿಯ ಅತಿ ದೊಡ್ಡ ಭಯಕ್ಕೆ ಕಾರಣ ಒಂದು ಉಯಿಲಿನ ಷರತ್ತು. ಆ ಘೋರರೂಪ ಗೋಡೆಯಲ್ಲಿ ಉಳಿದಿರುವುದು ಯಾರ ಭಕ್ತಿಯಿಂದಲೂ ಅಲ್ಲ, ಜಮೀನು ಕೈಬಿಟ್ಟೀತೆಂಬ ಆತಂಕದಿಂದ. ಈ ವಿವರಣೆಯಿಂದ ಭಯ ಕರಗಿತೆನ್ನುವುದಕ್ಕಿಂತ ಅದರ ವಿಳಾಸ ಪತ್ತೆಯಾಯಿತು ಎನ್ನುವುದು ಸರಿ.

ಅನುಭವದ ಮಾತಿಗೆ ಬಂದರೆ ಶಾರ್ಲೆಟ್ ಸ್ಮಿತ್‌ಳನ್ನು ಇಲ್ಲಿ ನೆನೆಯಬೇಕು. ‘ಎಮೆಲೀನ್’ (1788), ‘ದ ಓಲ್ಡ್ ಮ್ಯಾನರ್ ಹೌಸ್’ (1793) ಇವುಗಳ ಲೇಖಕಿಯಾದ ಆಕೆ ಸಾಲಗಾರ ಗಂಡನೊಂದಿಗೆ ಸೆರೆಮನೆಯಲ್ಲೂ ಕೆಲಕಾಲ ಇದ್ದವಳು. ಮೊಮ್ಮಕ್ಕಳಿಗೆ ನೆರವಾಗಲೆಂದು ಮಾವ ಬರೆದಿಟ್ಟ ಮರಣಶಾಸನ ತೊಡಕಿನದಾಗಿತ್ತು. 1776ರಲ್ಲಿ ಆತ ತೀರಿಕೊಂಡ ಮೇಲೆ ಆರಂಭವಾದ ವ್ಯಾಜ್ಯ ಇತ್ಯರ್ಥವಾದದ್ದು 1813ರಲ್ಲಿ. ಸ್ಮಿತ್ ಅದಕ್ಕೆ ಏಳು ವರ್ಷ ಮುಂಚೆಯೇ, 1806ರಲ್ಲಿ, ಕಣ್ಮುಚ್ಚಿದ್ದಳು. ಮಕ್ಕಳನ್ನು ಸಾಕಲು ಆಕೆ ಕಾದಂಬರಿ ಬರೆದಳು; ಆ ಸಂಪಾದನೆಯ ಮೇಲೂ ಕಾನೂನಿನ ಪ್ರಕಾರ ಗಂಡನಿಗೇ ಅಧಿಕಾರ. ರ‍್ಯಾಡ್‌ಕ್ಲಿಫ್ ಉಡಾಲ್ಫೊಗೆ 500 ಪೌಂಡುಗಳನ್ನೂ ‘ದ ಇಟಾಲಿಯನ್’ (1797) ಕೃತಿಗೆ 800 ಪೌಂಡುಗಳನ್ನೂ ಪಡೆದುದು ಆ ಕಾಲಕ್ಕೆ ಅಪರೂಪದ ಸಂಗತಿ. ಹೆಂಡತಿಯ ಗಳಿಕೆ ಹೆಂಡತಿಗೇ ಎಂಬ ನಿಯಮ ಇಂಗ್ಲೆಂಡಿನಲ್ಲಿ ಬರುವುದು 1870 ಮತ್ತು 1882ರ ಶಾಸನಗಳಿಂದ.

ಅಪವಾದ ಮತ್ತು ಅಣಕ

ಎಲ್ಲ ಕೃತಿಗಳೂ ಈ ಚೌಕಟ್ಟಿಗೆ ಸಲೀಸಾಗಿ ಒಗ್ಗುವುದಿಲ್ಲ. ಮ್ಯಾಥ್ಯೂ ಲೂಯಿಸ್ ಇಪ್ಪತ್ತರ ಹರೆಯದಲ್ಲಿ ಬರೆದ ‘ದ ಮಂಕ್’ (1796) ಮ್ಯಾಡ್ರಿಡ್ಡಿನ ಸನ್ಯಾಸಿ ಆ್ಯಂಬ್ರೋಸಿಯೊನ ಪತನದ ಕಥೆ. ಕಾಮ, ಅತ್ಯಾಚಾರ, ಕೊಲೆ, ಸೈತಾನನೊಡನೆ ಒಡಂಬಡಿಕೆ ಇವುಗಳ ನಡುವೆ ಆಸ್ತಿಯ ಪ್ರಶ್ನೆ ಹಿಂದೆ ಸರಿಯುತ್ತದೆ. ರ‍್ಯಾಡ್‌ಕ್ಲಿಫ್ ತನ್ನ ಮರಣಾನಂತರ 1826ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಭೀತಿಯನ್ನೂ ಘೋರವನ್ನೂ ಬೇರ್ಪಡಿಸಿ, ಮೊದಲನೆಯದು ಚೇತನವನ್ನು ಹಿಗ್ಗಿಸಿ ಎಚ್ಚರಿಸುತ್ತದೆ, ಎರಡನೆಯದು ಅದನ್ನು ಕುಗ್ಗಿಸಿ ಹೆಪ್ಪುಗಟ್ಟಿಸುತ್ತದೆ ಎಂದು ವಾದಿಸಿದಳು. ಎಡ್ಮಂಡ್ ಬರ್ಕ್ 1757ರಲ್ಲಿ ಮಂಡಿಸಿದ ಭವ್ಯತೆಯ ಸಿದ್ಧಾಂತ ಅದರ ಹಿನ್ನೆಲೆ. ಕನ್ನಡದ ಪರಿಭಾಷೆಯಲ್ಲಿ ಇದನ್ನು ಭಯಾನಕ ಮತ್ತು ಬೀಭತ್ಸಗಳ ಭೇದವೆಂದು ಹೇಳುವುದು ಪೂರ್ಣ ನಿಖರವಲ್ಲವಾದರೂ ದಿಕ್ಕು ತೋರಿಸುತ್ತದೆ. ಲೂಯಿಸನಲ್ಲಿಯೂ ಒಡೆತನದ ಛಾಯೆ ಇಲ್ಲದಿಲ್ಲ. ಮಠದ ನೆಲಮಾಳಿಗೆಯಲ್ಲಿ ಸತ್ತ ಮಗುವನ್ನು ಅಪ್ಪಿಕೊಂಡು ಬಿದ್ದಿರುವ ಆಗ್ನೆಸ್ ತನ್ನ ದೇಹದ ಮೇಲಿನ ಹಕ್ಕನ್ನು ಸಂಸ್ಥೆಯೊಂದಕ್ಕೆ ಒಪ್ಪಿಸಿದವಳು. ಆದರೂ ‘ದ ಮಂಕ್’ ಬೇರೆ ಕವಲಿನ ಕೃತಿಯೆಂದೇ ಒಪ್ಪಬೇಕು.

ಆಸ್ತಿಯ ಎಳೆಯನ್ನು ಸರಿಯಾಗಿ ಗುರುತಿಸಿದವಳು ಅಣಕಿಸಹೊರಟ ಜೇನ್ ಆಸ್ಟೆನ್. 1803ರಲ್ಲಿಯೇ ಪ್ರಕಾಶಕನಿಗೆ 10 ಪೌಂಡಿಗೆ ಮಾರಾಟವಾಗಿಯೂ ಅಚ್ಚಾಗದೆ, ಆಕೆಯ ಮರಣಾನಂತರ 1817ರ ಕೊನೆಯಲ್ಲಿ ಹೊರಬಂದ ‘ನಾರ್ಥ್ಯಾಂಗರ್ ಆ್ಯಬಿ’ಯ ನಾಯಕಿ ಕ್ಯಾಥರಿನ್ ಉಡಾಲ್ಫೊದ ಗುಂಗಿನಲ್ಲಿರುವವಳು. ಬಿರುಗಾಳಿಯ ರಾತ್ರಿ ಕಪ್ಪು ಪೆಟ್ಟಿಗೆಯಲ್ಲಿ ಅವಳಿಗೆ ಸಿಗುವ ‘ಹಸ್ತಪ್ರತಿ’ ಬಟ್ಟೆ ಒಗೆಸಿದ ಲೆಕ್ಕದ ಚೀಟಿ. ಮನೆಯೊಡೆಯ ಜನರಲ್ ಟಿಲ್ನಿ ಹೆಂಡತಿಯನ್ನು ಕೊಂದಿರಬೇಕೆಂಬ ಅವಳ ಶಂಕೆ ಸುಳ್ಳಾಗಿ ನಾಚಿಕೆಪಡುತ್ತಾಳೆ. ಅಣಕ ಇಲ್ಲಿಗೆ ನಿಂತಿದ್ದರೆ ಅದು ಗಾಥಿಕ್ ರೂಢಿಗಳ ಮೇಲಿನ ನಗೆಬರಹವಷ್ಟೇ ಆಗುತ್ತಿತ್ತು. ಆದರೆ ಅದೇ ಜನರಲ್, ಕ್ಯಾಥರಿನ್ ತಾನೆಣಿಸಿದಂತೆ ದೊಡ್ಡ ಆಸ್ತಿಯ ವಾರಸುದಾರಳಲ್ಲವೆಂದು ತಿಳಿದ ಕೂಡಲೇ ಅವಳನ್ನು ಬೆಳಗಿನ ಜಾವ ಆಳಿನ ಜೊತೆಯೂ ಇಲ್ಲದೆ ಮನೆಯಿಂದ ಹೊರಡಿಸುತ್ತಾನೆ. ಅವನನ್ನು ಕೊಲೆಗಾರನೆಂದು ಶಂಕಿಸಿದ್ದರಲ್ಲಿ ತಾನು ಅಂಥ ತಪ್ಪನ್ನೇನೂ ಮಾಡಿರಲಿಲ್ಲವೆಂದು ಕ್ಯಾಥರಿನ್‌ಗೆ ಕೊನೆಯಲ್ಲಿ ಅನಿಸುವುದನ್ನು ಆಸ್ಟೆನ್ ಮರೆಯದೆ ದಾಖಲಿಸುತ್ತಾಳೆ. ಪ್ರೇತವಿಲ್ಲದ, ಬಟ್ಟೆಯ ಲೆಕ್ಕ ಸರಿಯಾಗಿರುವ ಮನೆಯಲ್ಲೂ ಮೊಂಟೋನಿ ಇದ್ದಾನೆ.

ಈ ಕಾದಂಬರಿಗಳು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಮನೆ ಯಾರದೆಂದು ಕೇಳುವ ಅವು, ಮನೆಯನ್ನು ಕಟ್ಟಿದ ಹಣ ಎಲ್ಲಿಯದೆಂದು ಕೇಳುವುದಿಲ್ಲ. ‘ವಾಥೆಕ್’ (1786) ಬರೆದ ವಿಲಿಯಂ ಬೆಕ್‌ಫರ್ಡನ ಅಪಾರ ಸಂಪತ್ತು ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರು ದುಡಿದು ಗಳಿಸಿಕೊಟ್ಟದ್ದು. ಲೂಯಿಸನೂ 1812ರಲ್ಲಿ ತಂದೆಯಿಂದ ಜಮೈಕಾದ ತೋಟಗಳನ್ನೂ ಗುಲಾಮರನ್ನೂ ವಾರಸಾಗಿ ಪಡೆದ. ಎರಡು ಬಾರಿ ಅಲ್ಲಿಗೆ ಹೋಗಿ, 1818ರಲ್ಲಿ ಹಿಂದಿರುಗುವಾಗ ಹಡಗಿನಲ್ಲೇ ಸತ್ತ. ಬೆಕ್‌ಫರ್ಡ್ ಸಕ್ಕರೆಯ ಹಣದಿಂದ ವಿಲ್ಟ್‌ಷೈರಿನಲ್ಲಿ ಫಾಂಟ್‌ಹಿಲ್ ಆ್ಯಬಿ ಎಂಬ ಬೃಹತ್ ಗಾಥಿಕ್ ಸೌಧವನ್ನು ಕಟ್ಟಿಸಿದ. ತೋಟಗಳ ಆದಾಯ ಇಳಿದು ಸಾಲ ಏರಿದಾಗ 1822ರಲ್ಲಿ ಅದನ್ನು ಮಾರಬೇಕಾಯಿತು. ಕೊಂಡವನು ಜಾನ್ ಫಾರ್ಕರ್, ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಿಡಿಮದ್ದಿನ ಕಾರ್ಖಾನೆಯಿಂದ ಹಣ ಮಾಡಿಕೊಂಡು ಮರಳಿದ್ದವನು. 1825ರ ಡಿಸೆಂಬರಿನಲ್ಲಿ ಆ ಸೌಧದ ಗೋಪುರ ಕುಸಿದುಬಿತ್ತು.